ಕಿರು ಉತ್ಪಾದನೆಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳ ಆಯ್ಕೆ: ಒಂದು ವೆಚ್ಚ ವಿಚಾರ

ಕೊಳವೆಬಾವಿಯಲ್ಲಿ ನೀರು ಬತ್ತಿದೊಡನೆ ಪಂಪನ್ನು ತಾನಾಗಿಯೇ ನಿಲ್ಲಿಸುವ ನಿಯಂತ್ರಕವೊಂದನ್ನು ರೋಣದ ತರುಣನೊಬ್ಬನು 50ರ ಸಂಖ್ಯೆಯಲ್ಲಿ ತಯಾರಿಸಬಯಸಿದನೆಂದು ಭಾವಿಸೋಣ. ಅವನ ಮುಂದೆ ನಿಲ್ಲುವ ಮೊದಲ ಪ್ರಶ್ನೆ: ಯಾವ ಬಗೆಯ ಬಿಡಿಭಾಗಗಳನ್ನು ಬಳಸಬೇಕು? ಅವನ ಉದ್ಯಮದ ಅಳಿವು ಉಳಿವು ಬಹುಮಟ್ಟಿಗೆ ಈ ಉತ್ತರವನ್ನೇ ಅವಲಂಬಿಸಿದೆ.

ಬಿಡಿಭಾಗಗಳಲ್ಲಿ ಎರಡು ಬಗೆ. ಮೊದಲನೆಯವು ತಂತಿಯ ಕಾಲುಗಳುಳ್ಳವು, ಪಿ.ಸಿ.ಬಿ. ಹಲಗೆಯ ತೂತುಗಳಲ್ಲಿ ಕಾಲನ್ನು ತೂರಿಸಿ ಹಿಂಬದಿಯಲ್ಲಿ ಬೆಸುಗೆ ಹಾಕುವಂಥವು. ಎರಡನೆಯವು ಎಸ್.ಎಂ.ಡಿ. ಎಂದು ಪ್ರಸಿದ್ಧವಾದವು; ಹಲಗೆಯ ಮೇಲ್ಮೈಯಲ್ಲಿಯೇ ಕೂರಿಸಿ ಬೆಸೆಯುವಂಥವು. 0603 ಅಳತೆಯ ರೆಸಿಸ್ಟರು ಕೇವಲ 1.6 ಮಿಲಿಮೀಟರು ಉದ್ದ, 0.8 ಮಿಲಿಮೀಟರು ಅಗಲ.

ಬಿಡಿಯಾಗಿ ನೋಡಿದರೆ ಎಸ್.ಎಂ.ಡಿ. ಭಾಗಗಳೇ ಸಾಮಾನ್ಯವಾಗಿ ಅಗ್ಗ. ಹಲಗೆಯೂ ಚಿಕ್ಕದಾಗುತ್ತದೆ. ಆದರೆ ಯಂತ್ರದಿಂದ ಜೋಡಿಸಬೇಕಾದರೆ ಬೆಸುಗೆಯ ಪೇಸ್ಟು ಹಚ್ಚಲು ಸ್ಟೆನ್ಸಿಲ್ ಬೇಕು. ಯಂತ್ರಕ್ಕೆ ಸುರುಳಿಗಳನ್ನು ಏರಿಸಬೇಕು. ಪ್ರತಿ ಭಾಗದ ಸ್ಥಾನವನ್ನು ತಿಳಿಸಬೇಕು. ಈ ಸಿದ್ಧತೆಯ ವೆಚ್ಚ 10 ಹಲಗೆಗೂ ಅಷ್ಟೇ, 1,000 ಹಲಗೆಗೂ ಅಷ್ಟೇ. ಹಿಂದೆ ಮೊಳೆ ಜೋಡಿಸಿ ಪುಸ್ತಕ ಅಚ್ಚು ಹಾಕುತ್ತಿದ್ದಾಗಲೂ ಇದೇ ನ್ಯಾಯವಿತ್ತು: ಪ್ರತಿಗಳು ಹೆಚ್ಚಿದಷ್ಟೂ ಜೋಡಣೆಯ ಭಾರ ಹಂಚಿಹೋಗುತ್ತಿತ್ತು.

ಲೆಕ್ಕಕ್ಕೆಂದು ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಯಂತ್ರಸಿದ್ಧತೆಗೆ 6,000 ರೂಪಾಯಿ. ಕೈಕೆಲಸಕ್ಕೆ ಹೋಲಿಸಿದರೆ ಪ್ರತಿ ಹಲಗೆಗೆ 100 ರೂಪಾಯಿ ಉಳಿತಾಯ. ಆಗ 60ನೆಯ ಹಲಗೆಗೆ ಎರಡೂ ಸಮನಾಗುತ್ತವೆ. 50 ಹಲಗೆಗಳಾದರೆ ಕೈಕೆಲಸವೇ 1,000 ರೂಪಾಯಿ ಅಗ್ಗ. 200 ಹಲಗೆಗಳಾದರೆ ಯಂತ್ರದಿಂದ 14,000 ರೂಪಾಯಿ ಉಳಿತಾಯ. ಪ್ರತಿಯೊಬ್ಬ ತಯಾರಕನೂ ತನ್ನ ಅಂಕಿಗಳನ್ನಿಟ್ಟು ಈ ಗಡಿಯನ್ನು ಕಂಡುಕೊಳ್ಳಬೇಕು.

ಮಧ್ಯಮಮಾರ್ಗವೊಂದಿದೆ. 3.2 ಮಿಲಿಮೀಟರು ಉದ್ದದ 1206 ಅಳತೆಯ ಭಾಗಗಳನ್ನು ಚಿಮಟಿಗೆ ಮತ್ತು ಭೂತಗನ್ನಡಿಯ ನೆರವಿನಿಂದ ಕೈಯಿಂದಲೇ ಬೆಸೆಯಬಹುದು. ಹೊಸ ಐ.ಸಿ.ಗಳಲ್ಲಿ ಅನೇಕವು ಕಾಲುಳ್ಳ ರೂಪದಲ್ಲಿ ದೊರೆಯುವುದೇ ಇಲ್ಲವಾದ್ದರಿಂದ ಈ ಅಭ್ಯಾಸ ಅನಿವಾರ್ಯವೂ ಹೌದು. ಆದರೆ ರಿಲೇ, ಟ್ರಾನ್ಸ್‌ಫಾರ್ಮರ್, ತಂತಿ ಬಿಗಿಯುವ ಟರ್ಮಿನಲ್ ಮೊದಲಾದ ಭಾರದ ಭಾಗಗಳಿಗೆ ತೂತಿನಲ್ಲಿ ಊರಿದ ಕಾಲೇ ಬಲ. ದುರಸ್ತಿಯ ವೆಚ್ಚವನ್ನೂ ಮರೆಯಲಾಗದು. ಸುಟ್ಟ ರಿಲೇಯನ್ನು ಊರಿನ ಮೆಕ್ಯಾನಿಕನು ಬದಲಾಯಿಸಿಕೊಡುವಂತಿದ್ದರೆ ರೈತನ ಬೆಳೆ ಉಳಿಯುತ್ತದೆ. ಹಲಗೆಯನ್ನೇ ಎಸೆಯಬೇಕಾದರೆ ಅಗ್ಗದ ವಸ್ತುವೇ ತುಟ್ಟಿಯಾಗುತ್ತದೆ.

ಸಂಖ್ಯೆಯ ಮಹತ್ವಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಎಂಬ ಕೈಗಣಕವು ಬಡವರಿಗೂ ಎಟುಕಲೆಂಬ ಸದಾಶಯದಿಂದ ಹುಟ್ಟಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ತಯಾರಿಕೆಯಾಗಿ 'ಅಮಿಡಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಉತ್ತಮ ವಿನ್ಯಾಸವಿದ್ದರೂ ಸಂಖ್ಯೆ ಕೂಡಿಬಾರದಿದ್ದರೆ ಸಿದ್ಧತೆಯ ವೆಚ್ಚ ಹಂಚಿಹೋಗುವುದಿಲ್ಲ.

ಹಾಗಾದರೆ ಚಿಕ್ಕ ತಯಾರಕನು ಸಂಖ್ಯೆಯನ್ನು ಎಲ್ಲಿಂದ ತರಬೇಕು? ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿಯೇ ಈ ಪ್ರಶ್ನೆಗೆ ದಾರಿ ದೊರೆಯುತ್ತದೆ. ಒಬ್ಬೊಬ್ಬರಿಗೆ ಸಾಧ್ಯವಾಗದುದು ಕೂಡಿದರೆ ಸಾಧ್ಯವೆಂದು ಅಲ್ಲಿನ ರೈತರು 1905ರಲ್ಲಿಯೇ ಸಹಕಾರಿ ಸಂಘ ಕಟ್ಟಿ ತೋರಿಸಿದರು. ಅಂತೆಯೇ ನಾಲ್ವರು ತಯಾರಕರು ತಮ್ಮ ಹಲಗೆಗಳನ್ನು ಒಂದೇ ದೊಡ್ಡ ಹಲಗೆಯಲ್ಲಿ ಸೇರಿಸಿ, ಒಂದೇ ಬಗೆಯ ರೆಸಿಸ್ಟರು ಕೆಪ್ಯಾಸಿಟರುಗಳನ್ನು ಆರಿಸಿಕೊಂಡು, ಒಂದೇ ಸ್ಟೆನ್ಸಿಲ್‌ನಿಂದ ಕೆಲಸ ಮುಗಿಸಬಹುದು. ಆಗ 6,000 ರೂಪಾಯಿಯ ಭಾರ ತಲಾ 1,500ಕ್ಕೆ ಇಳಿಯುತ್ತದೆ. 15 ಹಲಗೆಗಳಿಗೇ ಯಂತ್ರಕೆಲಸ ಗಿಟ್ಟುತ್ತದೆ.

ಬೆಸುಗೆಯ ಕೆಲವು ಸಲಕರಣೆಗಳು ಮತ್ತು ಒಂದು ಭೂತಗನ್ನಡಿ ಶಾಲೆಗೆ ದುಬಾರಿಯಲ್ಲ. ಮಕ್ಕಳು ಎರಡೂ ಬಗೆಯ ಬೆಸುಗೆಯನ್ನು ಕೈಯಾರೆ ಕಲಿತು, ಪಕ್ಕದಲ್ಲಿಯೇ ಈ ಲೆಕ್ಕವನ್ನೂ ಮಾಡುವಂತಾದರೆ, ಅನ್ಯರ ವಸ್ತುಗಳನ್ನು ಮಾರುವ ಬದಲು ತಮ್ಮವನ್ನೇ ತಯಾರಿಸುವ ಧೈರ್ಯ ಅವರಿಗೆ ಬಂದೀತು. ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಇತ್ತ ಗಮನ ಹರಿಸುವುದು ಯೋಗ್ಯ.