ಭೂಸ್ವಾಧೀನ ನಡವಳಿ ಯಾವಾಗ ಬಿದ್ದುಹೋಗುತ್ತದೆ?

ಸಾರ್ವಜನಿಕ ಕೆಲಸಕ್ಕೆ ಸಾಗುವಳಿ ಜಮೀನು ಬಿಟ್ಟುಕೊಡುವುದು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತರಿಗೆ ಹೊಸತಲ್ಲ. ಕಬಿನಿ, ನುಗು, ತಾರಕ ಜಲಾಶಯಗಳಿಗೂ ಹಾರಂಗಿ ನಾಲೆಗಳಿಗೂ ಜಮೀನು ಹೋಗಿದೆ. 92 ಕಿಲೋಮೀಟರ್ ಉದ್ದದ ಮೈಸೂರು–ಕುಶಾಲನಗರ ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚಿಯಲ್ಲಿ ಶಂಕುಸ್ಥಾಪನೆಯಾಯಿತು.

ಅಧಿಸೂಚನೆ ಹೊರಟ ಮೇಲೆ ಬಾವಿ ತೋಡಲು, ತೆಂಗು ನೆಡಲು, ಸಾಲ ಎತ್ತಲು ರೈತ ಹಿಂಜರಿಯುತ್ತಾನೆ. ವರ್ಷಗಳು ಕಳೆದರೂ ಕೆಲಸ ನಡೆಯದಿದ್ದರೆ "ನಡವಳಿ ಬಿದ್ದುಹೋಯಿತೇ?" ಎಂಬ ಪ್ರಶ್ನೆ ಏಳುತ್ತದೆ. ಕಾನೂನಿನ ಭಾಷೆಯಲ್ಲಿ ಇದಕ್ಕೆ 'ವ್ಯಪಗತ'ವಾಗುವುದು ಎನ್ನುತ್ತಾರೆ. ಇದನ್ನು ತೀರ್ಮಾನಿಸುವುದು ಊರಿನ ಮಾತಲ್ಲ. ಕಾಯ್ದೆ ಮತ್ತು ತಾರೀಖು.

ಯಾವ ಕಾಯ್ದೆ, ಎಷ್ಟು ಅವಧಿ?

1. 1894ರ ಕಾಯ್ದೆ: 1984ರ ತಿದ್ದುಪಡಿಯಂತೆ ಪ್ರಾಥಮಿಕ ಅಧಿಸೂಚನೆಯಾದ ಒಂದು ವರ್ಷದೊಳಗೆ ಅಂತಿಮ ಘೋಷಣೆಯೂ, ಘೋಷಣೆಯಾದ ಎರಡು ವರ್ಷದೊಳಗೆ ಐತೀರ್ಪೂ ಆಗಬೇಕಿತ್ತು. ಉದಾಹರಣೆಗೆ, ಘೋಷಣೆ 10-6-2005ರಂದು ಪ್ರಕಟವಾಗಿ, ಐತೀರ್ಪು 20-8-2007ರಂದು ಆಗಿದ್ದರೆ ಆ ನಡವಳಿ ವ್ಯಪಗತ.

2. 2013ರ ಕಾಯ್ದೆ: ಇದು 1-1-2014ರಿಂದ ಜಾರಿಯಲ್ಲಿದೆ. ಪ್ರಾಥಮಿಕ ಅಧಿಸೂಚನೆಯಿಂದ 12 ತಿಂಗಳಲ್ಲಿ ಘೋಷಣೆಯಾಗದಿದ್ದರೆ ಅಧಿಸೂಚನೆ ರದ್ದು. ಘೋಷಣೆಯಿಂದ 12 ತಿಂಗಳಲ್ಲಿ ಐತೀರ್ಪು ಆಗದಿದ್ದರೆ ನಡವಳಿಯೇ ವ್ಯಪಗತ. ಆದರೆ ಕಾರಣ ಬರೆದಿಟ್ಟು ಅವಧಿ ವಿಸ್ತರಿಸುವ ಅಧಿಕಾರ ಸರ್ಕಾರಕ್ಕಿದೆ.

3. ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956: ಮೊದಲ ಅಧಿಸೂಚನೆಯಾದ ಒಂದು ವರ್ಷದಲ್ಲಿ ಘೋಷಣೆಯಾಗದಿದ್ದರೆ ಅದು ನಿಲ್ಲುವುದಿಲ್ಲ. ಆದರೆ ಘೋಷಣೆಯಾದೊಡನೆ ಜಮೀನು ಕೇಂದ್ರ ಸರ್ಕಾರಕ್ಕೆ ಸೇರುತ್ತದೆ. ಆಕ್ಷೇಪಣೆಗೆ 21 ದಿನ ಮಾತ್ರ.

4. ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, 1966: ಇದರಡಿಯ ಸ್ವಾಧೀನಕ್ಕೆ 1894ರ ಕಾಯ್ದೆಯ ಎರಡು ವರ್ಷದ ಮಿತಿ ಅನ್ವಯಿಸದೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ.

ಮೊದಲ ಮೂರು ಕಾಯ್ದೆಗಳಲ್ಲಿ ನ್ಯಾಯಾಲಯದ ತಡೆಯಾಜ್ಞೆ ಇದ್ದಷ್ಟು ದಿನಗಳನ್ನು ಲೆಕ್ಕದಿಂದ ಕಳೆಯಬೇಕು.

ಚೆಕ್ಕು ಬೇಡವೆಂದರೆ ಜಮೀನು ಉಳಿಯುವುದೇ?

ಬಹುಮಂದಿ ತಪ್ಪುವುದು ಇಲ್ಲಿಯೇ. 1-1-2014ಕ್ಕೆ ಐದು ಅಥವಾ ಹೆಚ್ಚು ವರ್ಷ ಹಿಂದೆ ಐತೀರ್ಪಾಗಿದ್ದ ಹಳೆಯ ನಡವಳಿಗಳ ಬಗ್ಗೆ 2013ರ ಕಾಯ್ದೆಯ 24ನೇ ಪ್ರಕರಣ ವಿಶೇಷ ನಿಯಮ ಮಾಡಿದೆ. ಸ್ವಾಧೀನ ತೆಗೆದುಕೊಳ್ಳದಿದ್ದರೆ ಅಥವಾ ಪರಿಹಾರ ಕೊಡದಿದ್ದರೆ, ಎರಡರಲ್ಲಿ ಒಂದಾದರೂ ಸಾಕು, ನಡವಳಿ ಬೀಳುತ್ತದೆಂದು ಮೊದಲು ಅರ್ಥೈಸಲಾಗಿತ್ತು. 6-3-2020ರಂದು ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಇದನ್ನು ಬದಲಿಸಿತು. ಈಗ ಸ್ವಾಧೀನವೂ ಆಗಿರಬಾರದು, ಪರಿಹಾರವೂ ಸಂದಿರಬಾರದು. ಆಗ ಮಾತ್ರ ವ್ಯಪಗತ.

ಮಹಜರು ಬರೆದು ಸ್ವಾಧೀನ ಪಡೆದಿದ್ದರೂ ಅದು ಸ್ವಾಧೀನವೇ. ಅನಂತರ ರೈತ ಅಲ್ಲಿ ರಾಗಿ, ಹೊಗೆಸೊಪ್ಪು ಬೆಳೆಯುತ್ತಿದ್ದರೂ ಹಕ್ಕು ಮರಳುವುದಿಲ್ಲ. ಕೊಟ್ಟ ಪರಿಹಾರವನ್ನು ತಾನೇ ನಿರಾಕರಿಸಿದವನು ಹಣ ಬಂದಿಲ್ಲವೆಂದು ಹೇಳಿ ಗೆಲ್ಲಲಾರ. ಪರಿಹಾರ ಕಡಿಮೆಯೆನಿಸಿದರೆ ತಕರಾರು ಬರೆದುಕೊಟ್ಟು ಹಣ ಪಡೆದು, ಹೆಚ್ಚಿನ ಪರಿಹಾರಕ್ಕೆ ಅರ್ಜಿ ಹಾಕುವುದೇ ಸರಿಯಾದ ದಾರಿ. 2013ರ ಕಾಯ್ದೆಯಲ್ಲಿ, ಐತೀರ್ಪಿನ ವೇಳೆ ಹಾಜರಿದ್ದವರು ಆರು ವಾರದೊಳಗೆ ಈ ಅರ್ಜಿ ಕೊಡಬೇಕು.

ರೈತರು ಮಾಡಬೇಕಾದ್ದು

1. ಅಧಿಸೂಚನೆಯಲ್ಲಿ ಕಾಯ್ದೆಯ ಹೆಸರು, ಸರ್ವೆ ನಂಬರು, ವಿಸ್ತೀರ್ಣ, ತಾರೀಖು ಓದಿಕೊಳ್ಳಿ. 2013ರ ಕಾಯ್ದೆಯಾದರೆ 60 ದಿನದೊಳಗೆ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ.

2. ಪಹಣಿಯ 11ನೇ ಕಲಂ ನೋಡಿ. ಘೋಷಣೆ, ಐತೀರ್ಪು, ಮಹಜರು, ಠೇವಣಿ ರಸೀದಿಗಳ ದೃಢೀಕೃತ ನಕಲನ್ನು ಭೂಸ್ವಾಧೀನಾಧಿಕಾರಿಯಿಂದ ಪಡೆಯಿರಿ. ಈ ನಾಲ್ಕೂ ತಾಲ್ಲೂಕುಗಳು ಹುಣಸೂರು ಉಪವಿಭಾಗಕ್ಕೆ ಸೇರಿವೆ.

3. ನಕಲು ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದು ವಕೀಲರಿಗೆ ತೋರಿಸಿ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ವರಮಾನ ಎಷ್ಟೇ ಇದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವುಂಟು.

4. "ವ್ಯಪಗತವಾಗಿದೆ" ಎಂಬ ದಲ್ಲಾಳಿಯ ಮಾತು ನಂಬಿ ಅಂಥ ಜಮೀನು ಕೊಳ್ಳಬೇಡಿ, ಮಾರಬೇಡಿ.

ನಡವಳಿ ಬಿದ್ದುಹೋದರೂ ಸರ್ಕಾರ ಹೊಸದಾಗಿ ಸ್ವಾಧೀನ ಆರಂಭಿಸಬಹುದು; ಆಗ ಹೊಸ ಕಾಯ್ದೆಯಂತೆ ಪರಿಹಾರ ಕೊಡಬೇಕಾಗುತ್ತದೆ. ಒಟ್ಟಿನಲ್ಲಿ, ತಾರೀಖು ತಿಳಿದು ಸಕಾಲದಲ್ಲಿ ಕೇಳಿದವನಿಗೆ ಕಾನೂನು ನೆರವಾಗುತ್ತದೆ; ಮುಗಿದುಹೋದ ಹಳೆಯ ಸ್ವಾಧೀನವನ್ನು ಎಷ್ಟೋ ಕಾಲದ ಮೇಲೆ ಕೆದಕುವವನಿಗೆ ಅಲ್ಲ.