ಕರೆ ನಮ್ಮದು, ಕಾಣುವ ಸಂಖ್ಯೆ ಯಾರದು?

ಪ್ರಶ್ನೆ: ನಮ್ಮ ಕಚೇರಿಯ ಯಾವ ಮೇಜಿನಿಂದ ಕರೆ ಮಾಡಿದರೂ ಗ್ರಾಹಕರಿಗೆ ಮುಖ್ಯ ಸಂಖ್ಯೆಯೊಂದೇ ಕಾಣುತ್ತದೆ. ಪ್ರತಿಯೊಬ್ಬರ ನೇರ ಸಂಖ್ಯೆ ಕಾಣುವಂತೆ ಮಾಡಬಹುದೇ?

ಉತ್ತರ: ಅವಶ್ಯವಾಗಿ ಮಾಡಬಹುದು, ಆದರೆ ಸಂಖ್ಯೆಯನ್ನು ನಿವೇದಿಸುವ ಸ್ವಾತಂತ್ರ್ಯ ನಿಮ್ಮ ಕಚೇರಿಯ ದೂರವಾಣಿಗಳನ್ನು ಜೋಡಿಸುವ ಇಪಿಎಬಿಎಕ್ಸ್ ಯಂತ್ರಕ್ಕಿದ್ದರೂ ಅದನ್ನು ಅಂಗೀಕರಿಸುವ ಅಧಿಕಾರ ದೂರವಾಣಿ ಸಂಸ್ಥೆಯ ವಿನಿಮಯ ಕೇಂದ್ರದ್ದೆಂಬುದನ್ನು ಮೊದಲು ಮನಗಾಣಬೇಕು. ಜೋಡಿ ತಂತಿಯ ಹಳೆಯ ಲೈನಿನಲ್ಲಿ ಕೇಂದ್ರವೇ ಆ ಲೈನಿನ ಸಂಖ್ಯೆಯನ್ನು ಕಳುಹಿಸುವುದರಿಂದ ನಿಮ್ಮ ಇಚ್ಛೆಗೆ ಅಲ್ಲಿ ಅವಕಾಶವಿಲ್ಲ. 30 ಮಾತಿನ ಮಾರ್ಗಗಳುಳ್ಳ ಪಿಆರ್‌ಐ ಸಂಪರ್ಕದಲ್ಲಾದರೋ, ಸಂಜ್ಞೆಗಳಿಗೆಂದೇ ಮೀಸಲಾದ ಪ್ರತ್ಯೇಕ ಮಾರ್ಗದಲ್ಲಿ ನಿಮ್ಮ ಯಂತ್ರವು ಕರೆಯುವವರ ಸಂಖ್ಯೆಯನ್ನು ತಿಳಿಸಲಾಗಿ, ಕೇಂದ್ರವು ಅದನ್ನು ನಿಮಗೆ ಹಂಚಿಕೆಯಾದ ಶ್ರೇಣಿಯೊಡನೆ ತಾಳೆ ನೋಡಿ, ಒಪ್ಪಿದರೆ ಮುಂದಕ್ಕೆ ಸಾಗಿಸಿ, ಒಪ್ಪದಿದ್ದರೆ ಸಾಮಾನ್ಯವಾಗಿ ಮುಖ್ಯ ಸಂಖ್ಯೆಯನ್ನೇ ಅದರ ಸ್ಥಾನದಲ್ಲಿರಿಸುತ್ತದೆ. ನಿಮ್ಮ ಯಂತ್ರವು 214 ಎಂಬಂಥ ಒಳಸಂಖ್ಯೆಯನ್ನು ಹಾಗೆಯೇ ಕಳುಹಿಸುತ್ತಿದ್ದರೆ ಅದು ತಿರಸ್ಕೃತವಾಗುವುದು ಸಹಜವೇ ಸರಿ. ಎಸ್‌ಐಪಿ ಎಂಬ ಇಂಟರ್ನೆಟ್ ವಿಧಾನದ ಸಂಪರ್ಕದಲ್ಲಿ ಇದೇ ನಿವೇದನೆಯು ‘ಫ್ರಮ್’ ಮತ್ತು ‘ಪಿ-ಅಸರ್ಟೆಡ್-ಐಡೆಂಟಿಟಿ’ ಎಂಬ ಶಿರೋಲೇಖಗಳಲ್ಲಿ ಸಾಗುವುದು. ಸಂಸ್ಥೆಯು ಯಾವುದನ್ನು ಮಾನ್ಯಮಾಡುತ್ತದೆಂದು ಕೇಳಿ ತಿಳಿಯಿರಿ.

ಆದುದರಿಂದ ಮೊದಲು ನೇರ ಒಳಕರೆಯ, ಎಂದರೆ ಡಿಐಡಿ ಸಂಖ್ಯೆಗಳ ಶ್ರೇಣಿಯನ್ನು ಪಡೆದು, ಪ್ರತಿಯೊಂದು ಎಕ್ಸ್‌ಟೆನ್ಷನ್ನಿನ ಹೊರಕರೆ ವಿನ್ಯಾಸದಲ್ಲಿ ಅದರದರ ಪೂರ್ಣ ಸಂಖ್ಯೆಯನ್ನು ಸಂಸ್ಥೆ ವಿಧಿಸಿದ ರೂಪದಲ್ಲಿಯೇ, ಎಸ್‌ಟಿಡಿ ಕೋಡ್ ಬೇಕೋ ಬೇಡವೋ ಎಂಬುದನ್ನು ವಿಚಾರಿಸಿ, ನಮೂದಿಸಿ. ಬಳಿಕ ಒಂದು ಮೊಬೈಲಿಗೆ ಕರೆ ಮಾಡಿ ಪರೀಕ್ಷಿಸಿ. ನಿಮ್ಮದಲ್ಲದ ಸಂಖ್ಯೆಯನ್ನು ತೋರಿಸುವ ಯೋಚನೆ ಮಾತ್ರ ಬೇಡ: ದೂರಸಂಪರ್ಕ ಗುರುತನ್ನು ತಿದ್ದುವುದು 2023ರ ದೂರಸಂಪರ್ಕ ಅಧಿನಿಯಮದ ಪ್ರಕಾರ ದಂಡನೀಯ ಅಪರಾಧ.