ಮುದ್ದೆಯ ಉಸಿರು

ಅವ್ವ ಮದ್ದೂರಿನಿಂದ ಮಿಷಿಗನ್‌ಗೆ ಬಂದದ್ದು ನವೆಂಬರಿನಲ್ಲಿ. ನನ್ನ ಮಗಳ ಕೋಣೆಯಲ್ಲಿ ಹಾವಿದೆ ಎಂದು ಫೋನಿನಲ್ಲಿ ಮೊದಲೇ ಹೇಳಿದ್ದರೂ, ಗಾಜಿನ ಪೆಟ್ಟಿಗೆ ಕಂಡ ಕೂಡಲೇ ಬಾಗಿಲಲ್ಲೇ ನಿಂತು ಕೈಮುಗಿದಳು. ಷಷ್ಠಿಯ ದಿನ ಬಟ್ಟಲಲ್ಲಿ ಹಾಲು ಹಿಡಿದು ಬಂದಳು. ಹಾವಿಗೆ ಹಾಲು ಆಹಾರವಲ್ಲ, ಬಲವಂತ ಮಾಡಿದರೆ ಶ್ವಾಸಕೋಶಕ್ಕೆ ಇಳಿದು ಕಾಯಿಲೆ ಬೀಳುತ್ತದೆ ಎಂದೆ. ಹುಟ್ಟಿದಾಗಿನಿಂದ ಹುತ್ತಕ್ಕೆ ತನಿ ಎರೆಯುವುದನ್ನೇ ಕಂಡವಳು, ಮಾತಾಡದೆ ಬಟ್ಟಲನ್ನು ವಾಪಸ್ ಒಯ್ದಳು. ಆದರೆ ಅವತ್ತಿನಿಂದ ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂರತೊಡಗಿದಳು.

ಅದು ಬಾಲ್ ಪೈಥಾನ್. ಘಾನಾ, ಟೋಗೊ, ಬೆನಿನ್ ಕಡೆಯ ಚಿಕ್ಕ ಹೆಬ್ಬಾವು. ನಮ್ಮದು ಇಲ್ಲಿನ ಸಾಕಣೆಗಾರರ ಬಳಿಯೇ ಮೊಟ್ಟೆಯೊಡೆದು ಬಂದದ್ದು. ಹೆದರಿದಾಗ ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗುತ್ತದೆ, ಅದಕ್ಕೇ ಮಗಳು ಮುದ್ದೆ ಎಂದು ಹೆಸರಿಟ್ಟಳು. ನಮ್ಮೂರಿನ ಕೇರೆಯನ್ನೋ ನಾಗರವನ್ನೋ ಹೀಗೆ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅದು ಅಪರಾಧವಾಗಿಯೇ ಇರಬೇಕು. ಕಾಯಿಲೆಬಿದ್ದ ಹಾವು ಹಿತ್ತಲಲ್ಲಿ ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕೇ ಹೊರತು ಔಷಧ ಮಾಡಲು ಹೋಗಬಾರದು.

ಡಿಸೆಂಬರ್ ಕೊನೆಯಲ್ಲಿ ಮುದ್ದೆಯ ಕಣ್ಣು ಹಾಲುಬಿಳಿಯಾದವು. ಪೊರೆ ಬಿಡುವ ಮುನ್ನ ಹಾಗಾಗುತ್ತದೆ. ಉಸಿರಿನಲ್ಲಿ ಸಣ್ಣ ಸಿಳ್ಳೆಯೂ ಕೇಳಿಸಿತು. ಮೂಗಿನ ಹೊಳ್ಳೆಯಲ್ಲಿ ಹಳೇ ಚರ್ಮ ಸಡಿಲಾದಾಗ ಅದೂ ಸಹಜವೇ. ಜನವರಿ ಮೊದಲ ವಾರ ಪೊರೆ ಒಂದೇ ತುಂಡಾಗಿ ಬಂತು. ಕಣ್ಣಿನ ಮೇಲಿನ ಎರಡು ಪಾರದರ್ಶಕ ಬಿಲ್ಲೆಗಳೂ ಪೊರೆಯಲ್ಲೇ ಇವೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ, ಇದ್ದವು. ಅಷ್ಟಕ್ಕೇ ನೆಮ್ಮದಿಯಾಗಿಬಿಟ್ಟೆ. ಪೊರೆ ಹೋದ ಮೇಲೆ ಸಿಳ್ಳೆಯೂ ಹೋಗಬೇಕಿತ್ತು, ಅದನ್ನು ಕಿವಿಗೊಟ್ಟು ಕೇಳಲಿಲ್ಲ. ಇಲಿ ಮುಟ್ಟದಿದ್ದಾಗಲೂ, ಚಳಿಗಾಲದಲ್ಲಿ ಈ ಜಾತಿ ತಿಂಗಳುಗಟ್ಟಲೆ ಉಪವಾಸವಿರುತ್ತದೆ ಎಂದು ಸುಮ್ಮನಾದೆ. ನಾನು ತಿಳಿದುಕೊಂಡಿದ್ದ ಎರಡೂ ವಿಷಯ ನಿಜ. ಅವುಗಳ ಮರೆಯಲ್ಲೇ ಎರಡು ವಾರ ಕಾಯಿಲೆ ಬೆಳೆಯಿತು.

ಒಂದು ರಾತ್ರಿ ಅವ್ವ ಕರೆದಳು. “ಇದ್ಯಾಕವ್ವಾ ಹಿಂಗೆ ಗೊರಗೊರ ಅಂತದೆ? ನೆಗಡಿಯಾದ ಕೂಸು ಹಿಂಗೇ ಅಲ್ವಾ ಉಸಿರಾಡದು?”

ದೀಪ ಹಾಕಿದೆ. ಮುದ್ದೆ ಉಂಡೆಯಾಗಿರಲಿಲ್ಲ. ತಲೆ, ಕತ್ತನ್ನು ಗಾಜಿಗೆ ಆನಿಸಿ ಮೇಲಕ್ಕೆತ್ತಿ ಹಿಡಿದಿತ್ತು. ಎಡ ಹೊಳ್ಳೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದು ಒಡೆಯಿತು, ಮತ್ತೆ ಎದ್ದಿತು. ಬಾಯಿ ತುಸು ತೆರೆದಿತ್ತು. ಹಾವಿಗೆ ನಮ್ಮಂತೆ ವಪೆಯಿಲ್ಲ, ಕೆಮ್ಮಿ ಕಫ ಹೊರಹಾಕಲು ಆಗುವುದಿಲ್ಲ. ಉಸಿರಿಗೆ ದಾರಿಯಾಗಲೆಂದು ಹಾಗೆ ತಲೆಯೆತ್ತುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ: 1,130 ಗ್ರಾಂ. ಅಕ್ಟೋಬರಿನಲ್ಲಿ ಬರೆದಿಟ್ಟದ್ದು 1,240.

ಗಾಜಿಗೆ ಅಂಟಿಸಿದ್ದ ದುಂಡು ಮಾಪಕ ಅವತ್ತೂ 88 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು, ಅಂದರೆ ಸುಮಾರು 31 ಸೆಲ್ಸಿಯಸ್; ಬೆಚ್ಚಗಿನ ಬದಿಯಲ್ಲಿ ಇರಬೇಕಾದಷ್ಟೇ. ನನಗೇಕೋ ನಂಬಿಕೆ ಬರದೆ, ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಮಾಪಕ ತಂದು ಅದು ಮಲಗುವ ನೆಲಕ್ಕೇ ಇಟ್ಟೆ. 77. ಹೊರಗೆ ಹಿಮ ಸುರಿಯುತ್ತಿತ್ತು, ಪೆಟ್ಟಿಗೆ ಕಿಟಕಿಗೆ ಒತ್ತಿಕೊಂಡಿತ್ತು. ಬಿಸಿ ಗಾಳಿ ಮೇಲೇರಿ ಮಾಪಕಕ್ಕೆ ಸಿಗುತ್ತಿತ್ತೇ ಹೊರತು ಮುದ್ದೆಗಲ್ಲ. ಹಾವಿನ ಮೈಬಿಸಿ ಹೊರಗಿನಿಂದಲೇ ಬರಬೇಕು. ಮೈ ತಣ್ಣಗಾದರೆ ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಆ ಸಂಖ್ಯೆ ನೋಡಿದಾಗ ಹೊಟ್ಟೆಯಲ್ಲಿ ಆದ ಸಂಕಟ ಇನ್ನೂ ಇದೆ. ಪೆಟ್ಟಿಗೆಯನ್ನು ಆ ಕಿಟಕಿಯ ಬಳಿ ಇಟ್ಟವಳು ನಾನು.

ಬೆಳಿಗ್ಗೆ ದಿಂಬಿನ ಚೀಲದಲ್ಲಿ ಹಾಕಿ, ಥರ್ಮಾಕೋಲ್ ಡಬ್ಬಿಯಲ್ಲಿ ಬಿಸಿನೀರಿನ ಬಾಟಲಿಗೆ ಟವಲ್ ಸುತ್ತಿ ಜೊತೆಗಿಟ್ಟು, ಸರೀಸೃಪ ನೋಡುವ ವೈದ್ಯೆಯ ಬಳಿ ಒಯ್ದೆವು. ಎಲ್ಲ ಪಶುವೈದ್ಯರೂ ಹಾವು ನೋಡುವುದಿಲ್ಲ, ಅಂಥವರು ಎಲ್ಲಿದ್ದಾರೆಂದು ಹಾವು ತರುವ ಮೊದಲೇ ವಿಚಾರಿಸಿಟ್ಟಿರಬೇಕು. ಆಕೆ ಮೆತ್ತಗೆ ಬಾಯಿ ತೆರೆಸಿದರು. ತಿಳಿ ಗುಲಾಬಿಯಾಗಿರಬೇಕಾದ ಬಾಯೊಳಗೆ ಬೆಂಡೆಕಾಯಿ ಲೋಳೆಯಂತೆ ಎಳೆ ಎಳೆಯಾಗಿ ಕಫ. ಬ್ಯಾಕ್ಟೀರಿಯಾ ಯಾವುದೆಂದು ತಿಳಿಯಲು ಮಾದರಿ ತೆಗೆದರು. ಹೆಬ್ಬಾವುಗಳ ಉಸಿರಾಟಕ್ಕೆ ಬರುವ ನಿಡೋವೈರಸ್ಸಿಗೂ ಪರೀಕ್ಷೆಯಾಯಿತು. 2014ರಲ್ಲಷ್ಟೇ ಬೆಳಕಿಗೆ ಬಂದ ಅದಕ್ಕೆ ಮದ್ದಿಲ್ಲ. ಫಲಿತಾಂಶ ಬರುವವರೆಗೆ ಮಗಳು ಸರಿಯಾಗಿ ಊಟ ಮಾಡಲಿಲ್ಲ. ವೈರಸ್ ಇರಲಿಲ್ಲ.

ಕೊಟ್ಟ ಔಷಧ ಸೆಫ್ಟಾಜಿಡಿಮ್, ಮೂರು ದಿನಕ್ಕೊಂದರಂತೆ ಹತ್ತು ಇಂಜೆಕ್ಷನ್. ತುಂಬಿಸಿದ ಸಿರಿಂಜುಗಳು ನಮ್ಮ ಫ್ರೀಜರಿನಲ್ಲಿ ತೆಂಗಿನತುರಿಯ ಪೊಟ್ಟಣದ ಪಕ್ಕ ಕೂತವು. ಮೈಯ ಮುಂಭಾಗದಲ್ಲೇ ಚುಚ್ಚಬೇಕು. ಹಿಂಭಾಗದ ರಕ್ತ ಮೊದಲು ಮೂತ್ರಪಿಂಡಕ್ಕೆ ಹೋಗಿಬಿಡಬಹುದು ಎಂದು ಆಕೆ ತೋರಿಸಿಕೊಟ್ಟರು. ಸೂಜಿಯನ್ನು ಹುರುಪೆಯ ಮೇಲೆ ಚುಚ್ಚದೆ, ಎರಡು ಹುರುಪೆಗಳ ನಡುವೆ ಜಾರಿಸಬೇಕು. ಮೊದಲ ಸಲ ನನ್ನ ಕೈ ನಡುಗಿತು. ಹಿಡಿದುಕೊಂಡವಳು ಅವ್ವ. “ಸುಮ್ನಿರಪ್ಪ, ಸುಬ್ಬಪ್ಪ, ಆಯ್ತು ಆಯ್ತು” ಅನ್ನುತ್ತಾ, ಬಾಗಿಲಲ್ಲಿ ನಿಂತು ಕೈಮುಗಿದಿದ್ದವಳು, ಎರಡೂ ಅಂಗೈಯಲ್ಲಿ ಅದರ ಭಾರ ಹೊತ್ತಿದ್ದಳು.

ಪೆಟ್ಟಿಗೆ ಒಳಗೋಡೆಗೆ ಬಂತು, ಸೆನ್ಸರ್ ನೆಲಕ್ಕಿಳಿಯಿತು. ವಾರಕ್ಕೊಮ್ಮೆ ತೂಕ, ದಿನಕ್ಕೊಮ್ಮೆ ಉಸಿರು ಎಂದು ಮಗಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಳು. ಏಳನೇ ಇಂಜೆಕ್ಷನ್ನಿಗೆ ಗುಳ್ಳೆ ನಿಂತಿತು, ಆದರೂ ಹತ್ತನ್ನೂ ಮುಗಿಸಿದೆವು.

ಮಾರ್ಚ್ ಎರಡನೇ ವಾರ, ಹೆಪ್ಪುಗಟ್ಟಿಸಿಟ್ಟಿದ್ದ ಸಣ್ಣ ಇಲಿಯೊಂದನ್ನು ಬಿಸಿನೀರಿನಲ್ಲಿ ಕರಗಿಸಿ ಇಕ್ಕಳದಲ್ಲಿ ಹಿಡಿದೆ. ಮುದ್ದೆ ನಾಲಿಗೆ ಚಾಚಿತು, ಬಹಳ ಹೊತ್ತು ನೋಡಿತು, ಹಾರಿ ಹಿಡಿಯಿತು. ನುಂಗಿ ಮುಗಿಸಲು ಹದಿನೈದು ನಿಮಿಷ. ಅಷ್ಟೂ ಹೊತ್ತು ಅವ್ವ ಗಾಜಿಗೆ ಕಿವಿಯಿಟ್ಟು ಕೂತಿದ್ದಳು. ಕೊನೆಗೆ ತಲೆಯೆತ್ತಿ ಮಗಳಿಗೆ, “ಬರ್ಕೋ, ಏನೂ ಸದ್ದಿಲ್ಲ” ಅಂದಳು.